ಬಾಚಣಿಗೆಯ ಮೇಲೆ ಹೊರಳುವ ಕುಸ್ವಾರ್

ಡಿಸೆಂಬರ್ ಎರಡನೇ ವಾರ ದಾಟಿತೆಂದರೆ ಮಂಗಳೂರಿನ ಬೆಂದೂರು, ಬಿಜೈ, ಕುಲಶೇಖರದ ಒಳರಸ್ತೆಗಳಲ್ಲಿ ಸಂಜೆ ಹೊತ್ತು ಕಾದ ಎಣ್ಣೆಯ ವಾಸನೆಗೆ ಏಲಕ್ಕಿ ಬೆರೆತಿರುತ್ತದೆ. ಯಾರ ಮನೆಯಲ್ಲಿ ಕುಸ್ವಾರ್ ಶುರುವಾಗಿದೆ ಎಂದು ವಿಚಾರಿಸಬೇಕಾಗಿಲ್ಲ.

ಕುಸ್ವಾರ್ ಎನ್ನುವುದು ಒಂದು ತಿಂಡಿಯ ಹೆಸರಲ್ಲ. ಕರಾವಳಿಯ ಕೊಂಕಣಿ ಕ್ರೈಸ್ತರು ಕ್ರಿಸ್ಮಸ್‌ಗೆಂದು ಮನೆಯಲ್ಲೇ ಮಾಡಿ ನೆರೆಕರೆಗೆ ಹಂಚುವ ಬಗೆಬಗೆಯ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ನೆವ್ರಿ, ಕಿಡಿಯೊ, ಕೊಕ್ಕಿಸ್, ಗುಳಿಯೊ, ತುಕ್ಡಿ, ನಾನ್‌ಕಟಾಯಿ, ಅಕ್ಕಿ ಲಡ್ಡು, ಚಕ್ಕುಲಿ, ಮೇಲೊಂದು ತುಂಡು ಪ್ಲಮ್ ಕೇಕ್. ಮನೆಯಿಂದ ಮನೆಗೆ ಪಟ್ಟಿ ಬದಲಾಗುತ್ತದೆ, ಹಂಚುವ ಕ್ರಮ ಮಾತ್ರ ಬದಲಾಗದು.

ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಗೋವೆಯಿಂದ ದಕ್ಷಿಣಕ್ಕೆ ಬಂದು ಕನ್ನಡ ಕರಾವಳಿಯಲ್ಲಿ ನೆಲೆನಿಂತವರು ಈ ಜನರ ಹಿರಿಯರು. ಅವರು ನಡೆದು ಬಂದ ದಾರಿ ತಟ್ಟೆಯಲ್ಲೇ ಕಾಣುತ್ತದೆ. ಮೊಟ್ಟೆ ಹಾಕಿದ ಕೇಕು ಒಂದು ಕಡೆ. ಬೆಲ್ಲ, ತೆಂಗು, ಅಕ್ಕಿಹಿಟ್ಟಿನ ಗುಳಿಯೊ ಇನ್ನೊಂದು ಕಡೆ. ಪೇರಳೆಹಣ್ಣಿನ ತಿರುಳಿಗೆ ಸಕ್ಕರೆ ಹಾಕಿ, ತಳ ಬಿಡುವ ತನಕ ಮಗುಚಿ ಮಾಡುವ ಕೆಂಪು ಪೆರಾದ್ ಕೂಡ ಕೆಲವು ಮನೆಗಳ ತಟ್ಟೆಯಲ್ಲಿರುತ್ತದೆ. ಆ ಪೇರಳೆಯನ್ನು ಅಮೆರಿಕದ ಕಡೆಯಿಂದ ಈ ತೀರಕ್ಕೆ ತಂದವರೂ ಪೋರ್ಚುಗೀಸರೇ. ನೆವ್ರಿಯಂತೂ ನಮ್ಮ ಕರ್ಜಿಕಾಯಿಯ ಒಡಹುಟ್ಟು. ಒಳಗೆ ಎಳ್ಳು, ಕೊಬ್ಬರಿ, ಗೋಡಂಬಿ, ದ್ರಾಕ್ಷಿ. ಅಂಚನ್ನು ಪುಟ್ಟ ಹಲ್ಲಿನ ಚಕ್ರದಿಂದ ಕತ್ತರಿಸಿ ಮುಚ್ಚುತ್ತಾರೆ.

ನಮ್ಮ ಪಕ್ಕದ ಮನೆಯ ಬಾಯಮ್ಮನ ಅಡುಗೆಮನೆಯಲ್ಲಿ ನಾನು ಮೊದಲು ಕಲಿತದ್ದು ಕಿಡಿಯೊ. ಹೆಸರಿನ ಅರ್ಥವೇ ಹುಳುಗಳು. ಮೈದಾಕ್ಕೆ ತೆಂಗಿನಹಾಲು, ಸ್ವಲ್ಪ ತುಪ್ಪ, ಚಿಟಿಕೆ ಉಪ್ಪು ಹಾಕಿ ನಾದಿದ ಹಿಟ್ಟಿನಿಂದ ಗೋಲಿಯಷ್ಟು ಚಿಕ್ಕ ಉಂಡೆ ಮುರಿಯಬೇಕು. ಅದನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಈಚೆಗೆ ಸುತ್ತಿದರೆ ಗೆರೆಗೆರೆಯ ಸುರುಳಿ ಎದ್ದು ಬರುತ್ತದೆ. ಆ ಬಾಚಣಿಗೆ ಕುಸ್ವಾರಿಗೇ ಮೀಸಲು. ಹಬ್ಬ ಮುಗಿದ ಮೇಲೆ ತೊಳೆದು, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಸೇರುತ್ತದೆ. ಕರಿದ ಸುರುಳಿಗಳನ್ನು ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾ ಇದ್ದರೆ ಪಾಕ ಒಣಗಿ, ಮೈಮೇಲೆ ಬಿಳಿಯ ಪದರ ಕೂರುತ್ತದೆ. ಬೆಂಗಳೂರಿನಲ್ಲಿ ಇದನ್ನೇ ಕಲ್‌ಕಲ್ ಅನ್ನುತ್ತಾರೆ. ಒಂದು ಕಿಲೋ ಹಿಟ್ಟೆಂದರೆ ನೂರಾರು ಸುರುಳಿ. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅಜ್ಜಿ, ಸೊಸೆಯಂದಿರು, ಶಾಲೆ ಬಿಟ್ಟು ಬಂದ ಮಕ್ಕಳು, ಬೇಲಿಯಾಚೆಯ ನಾನು, ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದೆವು. ದಪ್ಪಗಾದ ನನ್ನ ಸುರುಳಿಗಳನ್ನೂ ಬಾಯಮ್ಮ ಎಣ್ಣೆಗೆ ಬಿಡುತ್ತಿದ್ದರು, ಒಂದನ್ನೂ ಬದಿಗಿಡಲಿಲ್ಲ.

ಕೊಕ್ಕಿಸ್‌ನ ಕಷ್ಟ ಬೇರೆ. ಅಕ್ಕಿಹಿಟ್ಟು, ತೆಂಗಿನಹಾಲು, ಮೊಟ್ಟೆ, ಸಕ್ಕರೆಯ ತೆಳು ಹಿಟ್ಟು. ಉದ್ದ ಹಿಡಿಯ ತುದಿಯಲ್ಲಿ ಹೂವಿನಾಕಾರದ ಅಚ್ಚು. ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು, ಆಮೇಲೆ ಹಿಟ್ಟಿಗೆ ಅದ್ದಬೇಕು. ಅಚ್ಚಿನ ಮೇಲಂಚು ಹಿಟ್ಟಿನಲ್ಲಿ ಮುಳುಗಿತೋ, ಹೂವು ಕಳಚುವುದೇ ಇಲ್ಲ. ಸಕ್ಕರೆ ಹೆಚ್ಚಾದರೂ ಅಂಟಿಕೊಳ್ಳುತ್ತದೆ. "ಮೊದಲಿನ ನಾಲ್ಕು ಹಾಳಾಗ್ಲಿ ಮಾರಾಯ್ತಿ, ಅಚ್ಚು ಪಳಗ್ಬೇಕಲ್ಲಾ," ಎನ್ನುತ್ತಿದ್ದರು ಬಾಯಮ್ಮ. ಐದನೆಯದು ಎಣ್ಣೆಯಲ್ಲಿ ತಾನಾಗಿ ಬಿಟ್ಟುಕೊಂಡು ತೇಲುವಾಗ ಮಕ್ಕಳೆಲ್ಲ ಒಲೆಯ ಸುತ್ತ ನಿಂತಿರುತ್ತಿದ್ದರು.

ಬೇಯಿಸುವ ತಿಂಡಿಗಳಿಗೆ ಈಗ ಹಲವು ಮನೆಗಳಲ್ಲಿ ಓವನ್ ಇದೆ. ಬಾಯಮ್ಮನ ಅತ್ತೆಯ ಕಾಲದಲ್ಲಿ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ನಾನ್‌ಕಟಾಯಿಯ ತಳ ಸೀಯದಂತೆ ಕೆಂಡ ಸರಿಸುತ್ತಾ ಕೂರುವುದೇ ಒಬ್ಬರ ಕೆಲಸವಾಗಿತ್ತಂತೆ. ಕೇಕಿನ ಹಿಟ್ಟನ್ನು ತಗಡಿನ ಅಚ್ಚಿಗೆ ಸುರಿದು, ಹತ್ತಿರದ ಬೇಕರಿಯ ಒಲೆಗೆ ಹೊತ್ತುಕೊಂಡು ಹೋಗುತ್ತಿದ್ದವರೂ ಇದ್ದರು.

ಇವತ್ತು ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣ ಸಿಗುತ್ತದೆ. ದುಬೈ, ಕುವೈತ್‌ಗೆ ಹೊರಟವರ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಅದಕ್ಕೊಂದು ಜಾಗ ಇದ್ದೇ ಇರುತ್ತದೆ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದರಿಂದ ಅನುಕೂಲವಾಗಿರುವುದು ನಿಜ, ಮನೆಯಲ್ಲೇ ಕರಿದು ಮಾರುವ ಹೆಂಗಸರಿಗೆ ನಾಲ್ಕು ಕಾಸು ಸಿಗುವುದೂ ನಿಜ. ಆದರೂ ಚಾಪೆಯ ಮೇಲಿನ ಆ ಸಂಜೆಗಳು ಪೊಟ್ಟಣದಲ್ಲಿ ಬರುವುದಿಲ್ಲ; ವರ್ಷಕ್ಕೊಂದು ಬಗೆಯನ್ನಾದರೂ ಮನೆಯಲ್ಲಿ ಮಾಡಿ ಎಂದು ಪರಿಚಯದವರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಹಬ್ಬದ ದಿನ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ನಮ್ಮ ಮನೆಗೆ ಬರುತ್ತಿತ್ತು. ತಟ್ಟೆಯನ್ನು ಅಮ್ಮ ಬರಿದಾಗಿ ಹಿಂದಿರುಗಿಸಿದ್ದೇ ಇಲ್ಲ. ಆ ಕ್ಷಣಕ್ಕೆ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಚೌತಿಗೆ, ದೀಪಾವಳಿಗೆ ನಮ್ಮ ತಟ್ಟೆ ಬೇಲಿ ದಾಟುತ್ತಿತ್ತು.

ಒಂದು ವರ್ಷ ನವೆಂಬರ್‌ನಲ್ಲಿ ಬಾಯಮ್ಮನ ಗಂಡ, ನಮ್ಮೆಲ್ಲರ ಪೊರ್ಬುಗಳು, ತೀರಿಕೊಂಡರು. ಆ ಡಿಸೆಂಬರ್‌ನಲ್ಲಿ ಅವರ ಒಲೆಯ ಮೇಲೆ ಬಾಣಲೆ ಏರಲಿಲ್ಲ. ಅಮ್ಮ ಇಪ್ಪತ್ತನಾಲ್ಕರ ಮಧ್ಯಾಹ್ನ ಹೊಸ ಬಾಚಣಿಗೆ ತರಿಸಿದರು. ಮೊಟ್ಟೆ ಮುಟ್ಟದ ನಮ್ಮ ಅಡುಗೆಮನೆಯಲ್ಲಿ ತೆಂಗಿನಹಾಲಿನ ಹಿಟ್ಟು ನಾದಿ, ಇಬ್ಬರೂ ಕತ್ತಲಾಗುವ ತನಕ ಸುರುಳಿ ಸುತ್ತಿದೆವು. ಅಮ್ಮನಿಗೆ ಕ್ರೋಶಾ ಬರುತ್ತಿರಲಿಲ್ಲ. ಒಗೆದು ಮಡಚಿಟ್ಟ ಬಿಳಿಯ ಪಂಚೆಯ ತುಂಡೊಂದನ್ನು ಮುಚ್ಚಿ ಬೇಲಿಯಾಚೆ ಕೊಟ್ಟರು. ಬಾಯಮ್ಮ ಬಟ್ಟೆ ಸರಿಸಿ, ಒಂದನ್ನು ಕೈಗೆತ್ತಿಕೊಂಡು ಗೆರೆಗಳ ಮೇಲೆ ಬೆರಳಾಡಿಸಿದರು. ಮರುದಿನ ತಟ್ಟೆ ತೊಳೆದು ವಾಪಸು ಬಂತು. ಅದರಲ್ಲಿ ಅವರ ಹಿತ್ತಿಲಿನ ನಾಲ್ಕು ಪೇರಳೆಹಣ್ಣುಗಳಿದ್ದವು.