ಕಪಾಟಿನಲ್ಲಿದ್ದ ಐದು ಚೆಂಡು

ತದಡಿಯ ಮಕ್ಕಳಿಗೆ ಟೆನಿಸ್ ಬಾಲ್ ಅಂದರೆ ಕ್ರಿಕೆಟ್ ಆಡುವ ಚೆಂಡು, ಅಷ್ಟೇ. ಮದ್ರಸದ ಹೊತ್ತಿನಲ್ಲಿ ಅಂಗಳಕ್ಕೆ ಬಂದು ಬಿದ್ದ ಚೆಂಡನ್ನು ನಾವು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಹಾಗೆ ಸೇರಿದ್ದು ಐದು.

2025ರ ಫೆಬ್ರವರಿ ಕೊನೆಯ ವಾರ. ಗಲ್ಫಿನಲ್ಲಿರುವ ತಮ್ಮ ಫೋನ್ ಮಾಡಿ, "ಕಾಕಾ, ಮಗಳು ಬೆಂಗಳೂರಿನ ಟೆನಿಸ್ ನೋಡ್ಬೇಕು ಅಂತ ಹಠ ಹಿಡಿದಿದ್ದಾಳೆ. ಅಣ್ಣ ತಂಗಿ ಇಬ್ಬರನ್ನೂ ನೀವೇ ಕರ್ಕೊಂಡು ಹೋಗಿ" ಅಂದ. ರಮಝಾನ್ ಹತ್ತಿರ ಬಂದಿತ್ತು. ಆಟ ನೋಡಲು ಉಸ್ತಾದ್ ಹೊರಟರಾ ಅಂತ ಜನ ಕೇಳಿಯಾರು ಎಂಬ ಅಳುಕೂ ಇತ್ತು. ಆದರೂ ಗುರುವಾರ ಸಂಜೆ ಕುಮಟಾದಲ್ಲಿ ಪಂಚಗಂಗಾ ರೈಲು ಹತ್ತಿದೆವು.

ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಆ ದಿನ ಬೆಂಗಳೂರು ಓಪನ್ ಚಾಲೆಂಜರ್. 2017ರಲ್ಲಿ ಸುಮಿತ್ ನಗಾಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದ ಟೂರ್ನಿ ಇದು. ಜುಮಾಗೆ ಮುಂಚೆ ಒಂದು ಪಂದ್ಯ, ನಂತರ ಒಂದು ಪಂದ್ಯ ನೋಡಿದೆವು.

ಮೊದಲು ನಮಗೆ ಅಚ್ಚರಿಯಾದದ್ದು ಮೌನ. ಚೆಂಡು ಆಟದಲ್ಲಿರುವಾಗ ಯಾರೂ ಪಿಟಕ್ಕೆನ್ನುವುದಿಲ್ಲ. ಪಾಯಿಂಟ್ ಮುಗಿದ ಮೇಲೆಯೇ ಚಪ್ಪಾಳೆ. ಇಪ್ಪತ್ತು ವರ್ಷದಿಂದ ಬೆತ್ತ ತೋರಿಸಿಯೂ ನಮ್ಮ ಕ್ಲಾಸಿನಲ್ಲಿ ಇಂಥ ಮೌನ ತರಲು ಆಗಿಲ್ಲ.

ಎರಡನೆಯದು ಚೆಂಡು. ಮೊದಲ 7 ಗೇಮ್ ಆದ ಕೂಡಲೇ ಹೊಸ ಚೆಂಡುಗಳು, ಆಮೇಲೆ ಪ್ರತಿ 9 ಗೇಮಿಗೊಮ್ಮೆ ಮತ್ತೆ ಹೊಸದು. ತಮ್ಮನ ಮಗ ನಮ್ಮ ಮುಖ ನೋಡಿ ಮೆಲ್ಲಗೆ, "ನಮ್ಗೆ ಒಂದೇ ಇತ್ತು ದೊಡ್ಡಪ್ಪ, ಅದೂ ನಿಮ್ಮ ಕಪಾಟಲ್ಲಿ" ಅಂದ. ನಾವು ಉತ್ತರ ಕೊಡಲಿಲ್ಲ.

ಮೂರನೆಯದು ಸರ್ವ್. ಮೊದಲ ಸರ್ವ್ ತಪ್ಪಿದರೆ ಪಾಯಿಂಟ್ ಹೋಗುವುದಿಲ್ಲ, ಇನ್ನೊಂದು ಅವಕಾಶ ಉಂಟು. ಎರಡೂ ತಪ್ಪಿದರೆ ಮಾತ್ರ ಎದುರಾಳಿಗೆ ಪಾಯಿಂಟ್. ಒಬ್ಬ ಆಟಗಾರ ಮೊದಲ ಸರ್ವನ್ನು ನೆಟ್ಟಿಗೆ ಹೊಡೆದು, ಚೆಂಡನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿ, ಉಸಿರೆಳೆದು ಎರಡನೆಯದನ್ನು ಜೋಪಾನವಾಗಿ ಹಾಕಿದ. ಮೊದಲ ತಪ್ಪಿಗೇ ನಾವು ಚೆಂಡು ಕಸಿದುಕೊಂಡ ಮಕ್ಕಳು ಆಗ ನೆನಪಾದರು.

ರಾತ್ರಿ ಬಸ್ಸಿನಲ್ಲಿ ಹುಡುಗಿ ಕೇಳಿದಳು: "ದೊಡ್ಡಪ್ಪ, ನಾನೂ ಆಡ್ಬಹುದಾ?" ಸಾನಿಯಾ ಮಿರ್ಝಾ ಡಬಲ್ಸ್‌ನಲ್ಲಿ 6 ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ಅವಳಿಗೆ ಬಾಯಿಪಾಠ. "ನೋಡುವಾ" ಅಂತ ಜಾರಿಕೊಂಡೆವು. ಅವಳು ಕಿಟಕಿ ಕಡೆ ತಿರುಗಿದಳು.

ಮರುವಾರ ಪತ್ರಿಕೆಯಲ್ಲಿ ಫಲಿತಾಂಶ ನೋಡಿದೆವು. ಅಮೆರಿಕದ ಬ್ರ್ಯಾಂಡನ್ ಹೋಲ್ಟ್ ಗೆದ್ದಿದ್ದ. ಅವನ ತಾಯಿ ಟ್ರೇಸಿ ಆಸ್ಟಿನ್ 1979 ಮತ್ತು 1981ರಲ್ಲಿ ಯುಎಸ್ ಓಪನ್ ಗೆದ್ದವರು. ಓದಿ ಹೇಳಿದಾಗ ಹುಡುಗಿ, "ಅವನ ಉಮ್ಮನೂ ಆಡ್ತಿದ್ರಾ?" ಅಂತ ಕಣ್ಣರಳಿಸಿದಳು. ಈ ಸಲ ನಮಗೆ ಜಾರಿಕೊಳ್ಳಲು ಆಗಲಿಲ್ಲ. "ಆಡು" ಅಂದೆವು.

ಸಿಂಗಲ್ಸ್ ಅಂಕಣ 78 ಅಡಿ ಉದ್ದ, 27 ಅಡಿ ಅಗಲ. ಮದ್ರಸದ ಅಂಗಳದಲ್ಲಿ ಅಷ್ಟು ಜಾಗವಿಲ್ಲ. ಅರ್ಧಕ್ಕೆ ಸುಣ್ಣದ ಗೆರೆ ಎಳೆದು, ಹಳೆಯ ಮೀನುಬಲೆಯನ್ನು ಅಡ್ಡ ಕಟ್ಟಿದೆವು. ರ್‍ಯಾಕೆಟ್ ಸದ್ಯಕ್ಕೆ ಒಂದು ಜೊತೆ.

ಕಪಾಟಿನ ಬೀಗ ತೆಗೆದಾಗ ಎರಡು ಚೆಂಡು ಮೆತ್ತಗಾಗಿದ್ದವು. ಉಳಿದ ಮೂರು ಚೆನ್ನಾಗಿ ಪುಟಿಯುತ್ತವೆ. ಪಾಠ ಮುಗಿದ ಮೇಲೆ ಮಾತ್ರ ಆಟ. ಆ ಶರತ್ತನ್ನು ಮಕ್ಕಳು ಇದುವರೆಗೆ ಮುರಿದಿಲ್ಲ.