ಕಿರುತೆರೆಗೆ ಹಾರಿ ಬಂದ ಪೀಟರ್ ಪ್ಯಾನ್

1954ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಆರಂಭವಾದ ‘ಪೀಟರ್ ಪ್ಯಾನ್’ ಸಂಗೀತ ನಾಟಕವು 152 ಪ್ರದರ್ಶನಗಳನ್ನು ಪೂರೈಸಿ, ಮರುವರ್ಷದ ಫೆಬ್ರವರಿ 26ರಂದು ಮುಕ್ತಾಯಗೊಂಡಿತು. ಪ್ರತಿ ಪ್ರದರ್ಶನವೂ ಕಿಕ್ಕಿರಿದಿತ್ತೆಂದೇ ಇಟ್ಟುಕೊಂಡರೂ, ಸುಮಾರು ಒಂದೂವರೆ ಸಾವಿರ ಆಸನಗಳ ಆ ಮಂದಿರದಲ್ಲಿ ಅದನ್ನು ಕಂಡವರು ಎರಡೂವರೆ ಲಕ್ಷವನ್ನು ದಾಟಲಾರರು. ಆದರೆ ಒಂಬತ್ತು ದಿನಗಳ ಬಳಿಕ, ಮಾರ್ಚ್ 7ರಂದು, ಎನ್‌ಬಿಸಿ ವಾಹಿನಿಯು ಅದನ್ನು ಸ್ಟುಡಿಯೋದಿಂದ ನೇರಪ್ರಸಾರ ಮಾಡಿದಾಗ ನೋಡಿದವರು ಸುಮಾರು ಆರೂವರೆ ಕೋಟಿ ಎಂಬುದು ಅಂದಿನ ಅಂದಾಜು.

ಹಾಡು, ಕುಣಿತ, ಮಾತು ಮೂರೂ ಸೇರಿ ಕಥೆಯನ್ನು ಮುನ್ನಡೆಸುವ ಇಂತಹ ನಾಟಕಗಳಿಗೆ ಟೆಲಿವಿಷನ್ ಮುಗಿಬೀಳಲು ಕಲಾಪ್ರೇಮವೊಂದೇ ಕಾರಣವಾಗಿರಲಿಲ್ಲ. ಎನ್‌ಬಿಸಿಯ ಒಡೆತನವಿದ್ದ ಆರ್‌ಸಿಎ ಸಂಸ್ಥೆಯು ವರ್ಣ ಟೆಲಿವಿಷನ್ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದು, ದುಬಾರಿಯಾದ ಆ ಪೆಟ್ಟಿಗೆಯನ್ನು ಜನ ಕೊಳ್ಳಬೇಕಾದರೆ ಬಣ್ಣದಲ್ಲಿಯೇ ನೋಡಬೇಕೆನಿಸುವ ಅದ್ದೂರಿ ಕಾರ್ಯಕ್ರಮಗಳು ಬೇಕಾಗಿದ್ದವು. ತಾಲೀಮು ಮುಗಿಸಿ, ವೇಷಭೂಷಣ ಸಿದ್ಧವಿದ್ದು, ತಿಂಗಳುಗಟ್ಟಲೆ ಆಡಿ ಪಳಗಿದ ತಂಡ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಆದರೂ ಅಂದು ಬಹುಪಾಲು ಮನೆಗಳಲ್ಲಿದ್ದದ್ದು ಕಪ್ಪುಬಿಳುಪು ಪೆಟ್ಟಿಗೆಯೇ.

ಉಳಿದರ್ಧ ಕೆಲಸ ಸುಲಭದ್ದಾಗಿರಲಿಲ್ಲ. ಪೀಟರ್ ಪಾತ್ರಧಾರಿ ಮೇರಿ ಮಾರ್ಟಿನ್ ಅವರಿಗೆ ಆಗ ನಲವತ್ತೊಂದು ವರ್ಷ. ಎಂದೂ ದೊಡ್ಡವನಾಗದ ಹುಡುಗನೆಂದು ಅವರನ್ನು ನಂಬಲು ರಂಗಭೂಮಿಯ ದೂರವು ನೆರವಾಗುತ್ತಿತ್ತು, ಸಮೀಪದಿಂದ ಮುಖವನ್ನೇ ಹಿಡಿಯುವ ಕ್ಯಾಮೆರಾ ಆ ರಿಯಾಯಿತಿಯನ್ನು ಕೊಡುವುದಿಲ್ಲ. ಪೀಟರ್ ಫಾಯ್ ರೂಪಿಸಿದ ಹಾರಾಟದ ವ್ಯವಸ್ಥೆಯಲ್ಲಿ ನಟಿಯನ್ನು ಎತ್ತುವ ತಂತಿಯೂ ಹಾಗೆಯೇ, ಹಿಂದಿನ ಸಾಲಿನವರ ಕಣ್ಣಿಗೆ ಬೀಳದಿದ್ದರೂ ಕ್ಯಾಮೆರಾಕ್ಕೆ ಸಿಕ್ಕಿಬೀಳಬಹುದಾಗಿತ್ತು. ಇದಕ್ಕಿಂತ ಸೂಕ್ಷ್ಮವಾದ ಗಂಟು ಟಿಂಕರ್ ಬೆಲ್ ಎಂಬ ಕಿನ್ನರಿಯದು. ರಂಗದ ಮೇಲೆ ಆಕೆ ಕೇವಲ ಒಂದು ಮಿನುಗುವ ಬೆಳಕು; ವಿಷ ಕುಡಿದು ಆ ಬೆಳಕು ಮಂಕಾಗತೊಡಗಿದಾಗ, ಕಿನ್ನರಿಯರನ್ನು ನಂಬುವವರೆಲ್ಲ ಚಪ್ಪಾಳೆ ತಟ್ಟಿ ಆಕೆಯನ್ನು ಉಳಿಸಬೇಕೆಂದು ಪೀಟರ್ ಸಭಿಕರನ್ನು ಬೇಡಿಕೊಳ್ಳುತ್ತಾನೆ. ಕಿರುತೆರೆಯಲ್ಲಿ ಮಾರ್ಟಿನ್ ಅದೇ ಬೇಡಿಕೆಯನ್ನು ನೇರವಾಗಿ ಕ್ಯಾಮೆರಾದತ್ತ ತಿರುಗಿ ಮನೆಮನೆಯ ಮಕ್ಕಳ ಮುಂದಿಟ್ಟರು. ಆ ಚಪ್ಪಾಳೆ ಸ್ಟುಡಿಯೋಗೆ ಕೇಳಿಸುವಂತಿರಲಿಲ್ಲ, ಆದರೂ ಬೆಳಕು ಮರಳಿ ಬೆಳಗಿತು. ರಂಗಕೃತಿಯೊಂದು ಹೊಸ ಮಾಧ್ಯಮಕ್ಕೆ ಒಗ್ಗಿಕೊಂಡ ಬಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಕೋಟಿ ಕೋಟಿ ಕಣ್ಣುಗಳನ್ನು ತಲುಪಿದ ಈ ಪ್ರಸಾರಗಳನ್ನು ಕಾದಿಡುವ ಸಾಧನ ಮಾತ್ರ ಬಡವಾಗಿತ್ತು. ಟೆಲಿವಿಷನ್ ಪರದೆಯ ಎದುರೇ ಚಲನಚಿತ್ರ ಕ್ಯಾಮೆರಾವನ್ನಿಟ್ಟು ಚಿತ್ರೀಕರಿಸುವ ‘ಕಿನೆಸ್ಕೋಪ್’ ವಿಧಾನದಿಂದ ದೊರೆಯುತ್ತಿದ್ದುದು ಮಸುಕಾದ ಪ್ರತಿ. 1955ರ ‘ಪೀಟರ್ ಪ್ಯಾನ್’ ಉಳಿದಿರುವುದು ಆ ಕಪ್ಪುಬಿಳುಪು ಪ್ರತಿಯಲ್ಲಿಯೇ. 1956ರ ಜನವರಿಯಲ್ಲಿ ಜನರ ಒತ್ತಾಯಕ್ಕೆ ಅದನ್ನು ಮತ್ತೆ ತೋರಿಸಬೇಕಾದಾಗ ಇಡೀ ತಂಡ ಮತ್ತೊಮ್ಮೆ ನೇರಪ್ರಸಾರದಲ್ಲಿ ಆಡಬೇಕಾಯಿತು. ಅದೇ ವರ್ಷ ಆಂಪೆಕ್ಸ್ ಸಂಸ್ಥೆಯ ವಿಡಿಯೋ ಟೇಪ್ ಯಂತ್ರ ಬಂದು, ಮುಂದೆ ಬಣ್ಣವನ್ನೂ ಹಿಡಿಯಲಾರಂಭಿಸಿದ ಮೇಲೆ, 1960ರಲ್ಲಿ ನಾಟಕವನ್ನು ಹೊಸದಾಗಿ ಆಡಿ ವರ್ಣ ಟೇಪಿನಲ್ಲಿ ದಾಖಲಿಸಲಾಯಿತು. ಅದು 1989ರಲ್ಲಿಯೂ ಮರುಪ್ರಸಾರ ಕಂಡಿತು. ರಂಗಕ್ಕೆ ಬಾರದೆ ಟೆಲಿವಿಷನ್ನಿಗೆಂದೇ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ರಚಿಸಿದ ‘ಸಿಂಡರೆಲಾ’ಗೆ ಈ ಭಾಗ್ಯ ಒದಗಲಿಲ್ಲ: 1957ರ ಮಾರ್ಚ್ 31ರಂದು ಸಿಬಿಎಸ್ ವಾಹಿನಿ ಬಣ್ಣದಲ್ಲಿ ಬಿತ್ತರಿಸಿದ, ಹತ್ತು ಕೋಟಿಗೂ ಮಿಕ್ಕ ಜನ ನೋಡಿದರೆನ್ನಲಾದ ಜೂಲಿ ಆಂಡ್ರೂಸ್ ಅವರ ಆ ಅಭಿನಯ ಇಂದು ಕಪ್ಪುಬಿಳುಪು ಕಿನೆಸ್ಕೋಪ್‌ನಲ್ಲಷ್ಟೇ ನೋಡಸಿಗುತ್ತದೆ.