ಕಾಲೇಜು ಮಕ್ಕಳ ಮನಸ್ಸು ಅರಿತ ವೈದ್ಯರು ಬೇಕು

ರಜೆಗೆಂದು ಹಾಸ್ಟೆಲ್‌ನಿಂದ ಬಂದ ಮಗ ಕೋಣೆಯ ಬಾಗಿಲು ಹಾಕಿ ಕೂರುತ್ತಾನೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳುವುದಿಲ್ಲ. ‘ಎಂತ ಆಯ್ತು ಮೋನೇ?’ ಎಂದರೆ ‘ಎಂತದೂ ಇಲ್ಲ ಉಮ್ಮ’ ಎಂಬ ಉತ್ತರ. ‘ಮೊಬೈಲ್ ಜಾಸ್ತಿ ಆಗಿದೆ, ತೆಗೆದಿಡಿ’ ಎಂದು ಬಾಪ ಗಲ್ಫ್‌ನಿಂದ ಫೋನಿನಲ್ಲಿ ಹೇಳುತ್ತಾರೆ. ‘ಕಣ್ಣು ತಾಗಿರ್ಬೇಕು’ ಎನ್ನುತ್ತಾರೆ ನೆರೆಮನೆಯವರು. ಹೀಗೇ ತಿಂಗಳುಗಳು ಕಳೆದು, ಒಂದು ಸೆಮಿಸ್ಟರ್ ಕೈತಪ್ಪಿದ ಮೇಲೆ ವೈದ್ಯರ ಮಾತು ಬರುತ್ತದೆ. ನಮ್ಮ ಎಷ್ಟೋ ಮನೆಗಳಿಗೆ ಇದು ಹೊಸ ಕಥೆಯಲ್ಲ.

ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಭಾಗ 24 ವರ್ಷದೊಳಗೇ ತಲೆದೋರುತ್ತವೆ ಎನ್ನುತ್ತದೆ ವೈದ್ಯಕೀಯ ಅಧ್ಯಯನ. ಅಂದರೆ ಅದು ಕಾಲೇಜಿನ ವಯಸ್ಸು. ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಸಕಾಲದಲ್ಲಿ ಸರಿಯಾದ ನೆರವು ಸಿಕ್ಕರೆ ಇಂಥ ಎಷ್ಟೋ ಜೀವಗಳನ್ನು ಉಳಿಸಿಕೊಳ್ಳಬಹುದು.

ನಮ್ಮಲ್ಲಿ ಎಂಬಿಬಿಎಸ್ ನಂತರ ಮೂರು ವರ್ಷ ಎಂಡಿ ಓದಿದವರು ಮನೋವೈದ್ಯರಾಗುತ್ತಾರೆ. ಇನ್ನೂ ಮುಂದಕ್ಕೆ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯದಲ್ಲಿ ಡಿಎಂ ಇದೆ. ಆದರೆ 18 ತುಂಬಿದವನು ಮಕ್ಕಳ ವಿಭಾಗದಿಂದ ಹೊರಗೆ, ದೊಡ್ಡವರ ಸಾಲಿಗೆ ಸೇರುತ್ತಾನೆ. ಓದು, ಫೀಸು, ಊಟ ಎಲ್ಲದಕ್ಕೂ ಮನೆಯನ್ನೇ ನೆಚ್ಚಿರುವ, ಕಾನೂನಿನ ಕಣ್ಣಿಗೆ ಮಾತ್ರ ದೊಡ್ಡವನಾದ ಈ ಹುಡುಗ ಎರಡರ ನಡುವೆ ಬೀಳುತ್ತಾನೆ.

ಅಮೆರಿಕದಲ್ಲಿ ಈ ಅಂತರವನ್ನು ಬೇಗ ಗುರುತಿಸಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1910ರಲ್ಲೇ ವಿದ್ಯಾರ್ಥಿಗಳಿಗೆ ಮಾನಸಿಕ ಆರೋಗ್ಯ ಸೇವೆ ಶುರುವಾಗಿತ್ತು. ಈಗ ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮನೋವೈದ್ಯರು ತಮ್ಮ ತರಬೇತಿ ಮುಗಿದ ಮೇಲೆ ಇನ್ನೊಂದು ವರ್ಷ ಕ್ಯಾಂಪಸ್‌ನಲ್ಲೇ ಕುಳಿತು ವಿದ್ಯಾರ್ಥಿಗಳ ಚಿಕಿತ್ಸೆಯಲ್ಲಿ ಪಳಗುತ್ತಾರೆ.

ಅಲ್ಲಿ ಕಲಿಯುವುದೇನು? ಪರೀಕ್ಷೆಯ ಆತಂಕ ಯಾವುದು, ಖಿನ್ನತೆ ಯಾವುದು ಎಂದು ಬೇರ್ಪಡಿಸುವುದು. ಖಿನ್ನತೆಯಂತೆ ಕಾಣುವುದು ಬೈಪೋಲಾರ್ ಕಾಯಿಲೆಯ ಮೊದಲ ಹಂತವೇ ಎಂದು ಪರಿಶೀಲಿಸುವುದು. ಏಕೆಂದರೆ ಅಲ್ಲಿ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳಬಹುದು. ರಜೆಗೆ ಊರಿಗೆ ಹೋದಾಗ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದು. ಓದು ನಿಲ್ಲಿಸಿದವನು ಮರಳಿ ತರಗತಿಗೆ ಬರುವ ದಾರಿಯನ್ನು ಕಾಲೇಜಿನವರ ಜೊತೆ ಕೂತು ಮಾಡುವುದು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿಯ ಮೇಲಿರುವ ಭಾರವನ್ನು ಅರಿಯುವುದು.

ಇದರಲ್ಲಿ ನಾಜೂಕಿನ ವಿಷಯ ಗುಟ್ಟಿನದ್ದು. 18 ದಾಟಿದವರ ಚಿಕಿತ್ಸೆಯ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ವೈದ್ಯರು ಸಾಮಾನ್ಯವಾಗಿ ಯಾರಿಗೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ ಎಂಬಂಥ ಕೆಲವು ಸಂದರ್ಭಗಳಲ್ಲಿ ವಿನಾಯಿತಿ ಇದೆ. ‘ಫೀಸು ಕೊಡುವವರು ನಾವು, ನಮಗೇ ಹೇಳುವುದಿಲ್ವಾ?’ ಎಂದು ಹೆತ್ತವರಿಗೆ ಬೇಸರವಾಗುವುದು ಸಹಜ. ಆದರೆ ಸುದ್ದಿ ಊರೆಲ್ಲ ತಿಳಿದು ನಾಳೆ ನಿಕಾಹ್‌ಗೆ ಅಡ್ಡಿಯಾದರೆ ಎಂಬ ಹೆದರಿಕೆಯಿಂದಲೇ ಬಾಯಿ ಬಿಡದ ಹೆಣ್ಣುಮಕ್ಕಳಿದ್ದಾರೆ. ಗುಟ್ಟು ಉಳಿಯುತ್ತದೆ ಎಂಬ ಭರವಸೆ ಇದ್ದರಷ್ಟೇ ಅವರು ಬರುತ್ತಾರೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತು. ರಂಜಾನ್‌ನಲ್ಲಿ ನಿದ್ದೆಯ ಹೊತ್ತು ಬದಲಾಗುತ್ತದೆ; ಬೈಪೋಲಾರ್ ಇರುವವರಿಗೆ ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸಬಹುದು. ಲಿಥಿಯಂ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧದ ಪ್ರಮಾಣ ಅಪಾಯಕರವಾಗಿ ಏರಬಹುದು. ಆದ್ದರಿಂದ ಉಪವಾಸ ಹಿಡಿಯುವ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅವು ನಶೆ ಹಿಡಿಸುವ ಮಾತ್ರೆಗಳಲ್ಲ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ ಅಥವಾ ಮನಶ್ಶಾಸ್ತ್ರಜ್ಞರನ್ನು ನೇಮಿಸಬೇಕು. ಕರಾವಳಿಯಲ್ಲಿ ಕಾಲೇಜುಗಳಿಗೆ ಬರವಿಲ್ಲ, ವೈದ್ಯಕೀಯ ಕಾಲೇಜುಗಳಿಗೂ ಇಲ್ಲ. ಆಪ್ತಸಮಾಲೋಚಕರ ಬೆನ್ನಿಗೆ ವಿದ್ಯಾರ್ಥಿಗಳ ಕಷ್ಟ ಬಲ್ಲ, ಸಾಧ್ಯವಾದರೆ ಬ್ಯಾರಿ ಮಾತೂ ಅರ್ಥವಾಗುವ ಮನೋವೈದ್ಯರು ವಾರಕ್ಕೊಮ್ಮೆಯಾದರೂ ಕ್ಯಾಂಪಸ್‌ಗೆ ಬರುವಂತಾಗಬೇಕು. ಸಂಕಟವನ್ನು ಮನುಷ್ಯ ತಾಯಿನುಡಿಯಲ್ಲೇ ಸರಿಯಾಗಿ ಹೇಳಬಲ್ಲ. ಅಡ್ಮಿಶನ್ ವೇಳೆ ಹಾಸ್ಟೆಲ್, ಪ್ಲೇಸ್‌ಮೆಂಟ್ ವಿಚಾರಿಸುವ ನಾವು ಇದನ್ನೂ ಕೇಳೋಣ. ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳಿಗೂ ಇದು ಆರಿಸಿಕೊಳ್ಳಬಹುದಾದ ದಾರಿ.

ಅಲ್ಲಿಯವರೆಗೆ ಕೈಗೆಟಕುವುದು ಕೇಂದ್ರ ಸರ್ಕಾರದ ‘ಟೆಲಿ ಮಾನಸ್’. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ವಿದ್ಯಾರ್ಥಿಯೇ ಮಾಡಬೇಕೆಂದಿಲ್ಲ, ಉಮ್ಮನೂ ಮಾಡಬಹುದು. ಮಗ ಈ ಸಲ ರಜೆಗೆ ಬಂದಾಗ ಮಾರ್ಕ್ಸ್ ಎಷ್ಟು ಎನ್ನುವ ಮೊದಲು ‘ನಿದ್ದೆ ಸರಿ ಬರ್ತದಾ ಮೋನೇ?’ ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲೇ ಕೂತಿರಿ.